74 ನಿಮಿಷದ ಡೆಮೊ ಮಿಕ್ಸ್ 31 ಜನಕ್ಕೆ ಕಳಿಸಿದೆ, ಯಾರೂ ಕೇಳಲಿಲ್ಲ. ನಮ್ಮ ಕಡೆ ಹೊಸ ಡಿಜೆ ಏನು ಮಾಡಬೇಕು?

ಭಾಗ್ಯನಗರದ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಕೊಪ್ಪಳದ ಪಕ್ಕದ ಭಾಗ್ಯನಗರ. ವಯಸ್ಸು 23. ಹಗಲು ಮೊಬೈಲ್ ರಿಪೇರಿ ಅಂಗಡಿ, ರಾತ್ರಿ ಮಾಳಿಗೆ ಮೇಲೆ ಮಿಕ್ಸಿಂಗ್. ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪಯೋನಿಯರ್ ಡಿಡಿಜೆ-400 ಕಂಟ್ರೋಲರ್ (ಲ್ಯಾಪ್‌ಟಾಪ್‌ನ ಹಾಡು ಬೆರೆಸುವ ಯಂತ್ರ) ಕೊಂಡೆ. ಕೆಳಗೆ ಅಜ್ಜಿ ಮಲಗಿರುತ್ತಾಳೆ. ಹಾಗಾಗಿ ಕಲಿತದ್ದೆಲ್ಲ ಹೆಡ್‌ಫೋನ್‌ನಲ್ಲೇ.

ಹೋದ ತಿಂಗಳು ಡೆಮೊ ಮಿಕ್ಸ್ (ಹಾಡಿಗೆ ಹಾಡು ಬೆಸೆದ ಮಾದರಿ ರೆಕಾರ್ಡಿಂಗ್) ಮಾಡಿ ಮುಗಿಸಿದೆ. 74 ನಿಮಿಷ. ಹೌಸ್ ಅನ್ನೋ ಕ್ಲಬ್ ಸಂಗೀತದಿಂದ ಶುರು, 122 ಬಿಪಿಎಂ (ನಿಮಿಷಕ್ಕೆ ಇಷ್ಟು ಪೆಟ್ಟು). ನಿಧಾನಕ್ಕೆ ಏರಿಸುತ್ತಾ ಇನ್ನೂ ಬಿರುಸಿನ ಟೆಕ್ನೋ, 132ರ ತನಕ. ಕೊನೆಗೆ ಎರಡು ಜಾನಪದ ರೀಮಿಕ್ಸ್. ಬಳ್ಳಾರಿ, ಹೊಸಪೇಟೆ, ರಾಯಚೂರಿನ ಇವೆಂಟ್‌ನವರು, ಹೋಟೆಲ್‌ನವರು ಸೇರಿ 31 ಜನಕ್ಕೆ ಲಿಂಕ್ ಕಳಿಸಿದೆ. ಮೂವರು ‘ಓಕೆ’ ಅಂದರು. ಒಬ್ಬರು ಹೆಬ್ಬೆರಳು ಹಾಕಿದರು. ಒಬ್ಬರು ‘ಬಾಕ್ಸ್ ಎಷ್ಟಿವೆ?’ ಅಂತ ಕೇಳಿದರು. ನನ್ನ ಹತ್ತಿರ ಸ್ಪೀಕರ್ ಬಾಕ್ಸೇ ಇಲ್ಲ. ಲಿಂಕ್‌ನಲ್ಲಿ 9 ಸಲ ಪ್ಲೇ ಆಗಿದೆ ಅಂತ ತೋರಿಸುತ್ತಿದೆ. ಅದರಲ್ಲಿ ನಾಲ್ಕು ನಾನೇ.

ಎಲ್ಲಿ ತಪ್ಪಿದೆ ಹೇಳಿ. ಬೈದರೂ ಪರವಾಗಿಲ್ಲ.

ಮೈಕ್‌ಸೆಟ್ ಮಾಮ, ಬಳ್ಳಾರಿ

ತಮ್ಮಾ, ಬಾಕ್ಸ್ ಎಷ್ಟು ಅಂತ ಕೇಳಿದ ಪುಣ್ಯಾತ್ಮನೊಬ್ಬನೇ ನಿನಗೆ ಸರಿಯಾದ ಉತ್ತರ ಕೊಟ್ಟಿದ್ದಾನೆ. ನಮ್ಮ ಕಡೆ ಡಿಜೆ ಅಂದರೆ ಸಾಮಾನು. ಟ್ರ್ಯಾಕ್ಟರ್ ಟ್ರಾಲಿ, ಅದರ ಮೇಲೆ ಬೇಸ್ ಬಾಕ್ಸ್, ಅದರ ಮೇಲೆ ಟಾಪು (ಹಾಡಿನ ದನಿ ಬಿಡೋ ಬಾಕ್ಸ್), ಹಿಂದೆ ಜನರೇಟರ್. ‘ಮದುವೆಗೆ ಡಿಜೆ ತರಿಸಿದ್ದೇವೆ’ ಅಂದರೆ ಇದನ್ನು ತರಿಸಿದ್ದೇವೆ ಅಂತ. ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿ ಕೂತವನ ಹೆಸರು ಯಾರಿಗೆ ಬೇಕು? ಊಟ ಆಯ್ತಾ ಅಂತಲೂ ಯಾರೂ ಕೇಳುವುದಿಲ್ಲ.

ಬಾಕ್ಸ್ ಇಲ್ಲದೆ ಬರೀ ಡಿಜೆ ಸಿಗುತ್ತಾನೆ ಅನ್ನೋದೇ ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮದುವೆ ಮನೆಯವರಿಗೆ ಲಿಂಕ್ ಕಳಿಸಿ ಏನು ಮಾಡ್ತೀಯ? ನಿನ್ನ ಅಗತ್ಯ ಇರೋದು ನಮಗೆ, ಬಾಕ್ಸ್ ಇಟ್ಟುಕೊಂಡವರಿಗೆ. ನಮ್ಮ ಹುಡುಗ ಯೂಟ್ಯೂಬ್‌ನಿಂದ ನೇರ ಹಾಡು ಹಾಕುತ್ತಿದ್ದ. ಮದುಮಗ ಕುದುರೆ ಇಳಿಯೋ ಹೊತ್ತಿಗೆ ಹಾಡು ನಿಂತು ಸಾಲದ ಆ್ಯಪ್ ಜಾಹೀರಾತು ಬಂತು. ಬೀಗರ ಮುಂದೆ ನನ್ನ ಮಾನ ಹೋಯಿತು.

ನಿನ್ನ ಮಿಕ್ಸ್ ಕೇಳಿದೆ. ಪೂರ್ತಿ ಕೇಳಿಲ್ಲ, ಸುಳ್ಳು ಯಾಕೆ ಹೇಳಲಿ. ಮೊದಲ ಎರಡು ನಿಮಿಷ ಬರೀ ಕಿಕ್ಕು, ಡ್ರಮ್‌ನ ದಪ್ಪ ಪೆಟ್ಟು. ನಿನಗೆ ಅದು ಇಂಟ್ರೊ, ನನಗೆ ಬಾಕ್ಸ್ ಚೆಕ್ ಮಾಡಿದ ಹಾಗೆ ಕೇಳಿಸಿತು. 11ನೇ ನಿಮಿಷದ ನಂತರ ಸದ್ದು ಒಡೆಯುತ್ತಿದೆ. ಕೆಂಪು ಹೊಡೆಸಿದ್ದೀಯ, ಅಂದರೆ ಸದ್ದಿನ ಮೀಟರ್ ಮಿತಿ ಮೀರಿಸಿದ್ದೀಯ. ಹೀಗೆ ಒಡೆದ ಸದ್ದನ್ನು ಜೋರಾಗಿ ಬಿಟ್ಟರೆ ಮೊದಲು ಸುಡೋದು ಟಾಪ್‌ನ ಡ್ರೈವರ್. ಡೆಮೊದಲ್ಲೇ ಕೆಂಪು ಹೊಡೆಸೋನ ಕೈಗೆ ನನ್ನ ಬಾಕ್ಸ್ ಹೇಗೆ ಕೊಡಲಿ ಹೇಳು.

ಭಾಗ್ಯನಗರದ ಹುಡುಗ

ಮಾಮ, ಕೆಂಪು ಬಂದಿದ್ದು ನೋಡಿದ್ದೆ. ಜೋರಾಗಿದ್ದರೆ ಚೆನ್ನಾಗಿ ಕೇಳುತ್ತದೆ ಅಂದುಕೊಂಡೆ. 😔

ಕೋಟೆ ಕೆಳಗಿನವ, ಬಳ್ಳಾರಿ (ಈಗ ಬೆಂಗಳೂರು)

ಅದು ಎಲ್ಲರೂ ಮಾಡುವ ತಪ್ಪು, ಬಿಡು. ಪ್ರತಿ ಹಾಡಿಗೂ ಮೊದಲು ಗೇನ್ (ಹಾಡು ಒಳಬರುವ ಸದ್ದಿನ ಮಟ್ಟ) ಸರಿ ಮಾಡು. ಹಾಡಿನ ಅತಿ ಜೋರು ಭಾಗ ಹಾಕಿ ನೋಡು. ಮೀಟರ್ ಹಸಿರಿನಲ್ಲಿ ಇರಬೇಕು, ಕಿತ್ತಳೆಗೆ ಆಗಾಗ ತಾಗಬೇಕು, ಕೆಂಪು ಬರಲೇಬಾರದು. ಎರಡು ಹಾಡು ಸೇರುವಾಗ ಎರಡರ ಬೇಸೂ ಒಟ್ಟಿಗೆ ಬಿಟ್ಟರೆ ಮಾಸ್ಟರ್ (ಹೊರಹೋಗುವ ಒಟ್ಟು ಸದ್ದು) ಕೆಂಪಾಗೋದು ಗ್ಯಾರಂಟಿ. ಒಂದರ ಲೋ (ಬೇಸ್‌ನ ಗುಂಡಿ) ಇಳಿಸಿ ಇನ್ನೊಂದರ ಲೋ ಏರಿಸು. ರೆಕಾರ್ಡ್ ಮಾಡುವಾಗ ಮೇಲೆ ಸುಮಾರು 6 ಡೆಸಿಬಲ್ ಜಾಗ ಬಿಡು. ಆಮೇಲೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಏರಿಸಿಕೊಳ್ಳಬಹುದು, ಅದು ಪುಕ್ಕಟೆ ಸಿಗುತ್ತದೆ. ಒಮ್ಮೆ ಒಡೆದು ರೆಕಾರ್ಡ್ ಆದ ಸದ್ದನ್ನು ಸರಿಮಾಡೋದು ಮಾತ್ರ ಕಷ್ಟ.

ರೆಕಾರ್ಡಿಂಗ್ ವೇವ್ ಫೈಲ್‌ನಲ್ಲಿ (ಕುಗ್ಗಿಸದ ಫೈಲ್) ಇರಲಿ. ಅರ್ಧ ಗಂಟೆಗೆ 300 ಎಂಬಿ ದಾಟುತ್ತದೆ. ಕಳಿಸೋಕೆ 320 ಕೆಬಿಪಿಎಸ್ ಎಂಪಿ3 ಮಾಡು, 72 ಎಂಬಿಗೆ ಇಳಿಯುತ್ತದೆ.

ಯೂಟ್ಯೂಬ್‌ನಲ್ಲಿ ಹಾಕಿದರೆ ಕಂಟೆಂಟ್ ಐಡಿ ಅನ್ನೋ ವ್ಯವಸ್ಥೆ ಹಾಡು ಗುರುತಿಸುತ್ತದೆ. ಹಾಡಿನ ಮಾಲೀಕರು ಬೇಡ ಅಂದರೆ ವಿಡಿಯೊ ಬ್ಲಾಕ್ ಆಗುತ್ತದೆ, ಇಲ್ಲವೇ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ಸೌಂಡ್‌ಕ್ಲೌಡ್‌ನಲ್ಲೂ ಮಿಕ್ಸ್ ತೆಗೆದುಹಾಕಿದ್ದುಂಟು. ಮಿಕ್ಸ್‌ಕ್ಲೌಡ್‌ನವರು ಡಿಜೆ ಮಿಕ್ಸ್‌ಗಾಗಿಯೇ ಹಕ್ಕುದಾರರ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ. ಉದ್ದದ ಮಿಕ್ಸ್ ಅಲ್ಲಿಡು.

ಆದರೆ ಮಾಮನ ಮಾತು ಕೇಳಿ ಹೌಸ್, ಟೆಕ್ನೋ ಬಿಟ್ಟುಬಿಡಬೇಡ. ಅದು ನಿನ್ನ ರುಚಿ. ಕ್ಲಬ್‌ಗಳಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗೋದು ಮೊದಲ ಸರದಿ. ಜನ ಇನ್ನೂ ಬರುತ್ತಿರುತ್ತಾರೆ, ಮಾತಾಡುತ್ತಿರುತ್ತಾರೆ. ಆಗ ಸುಮ್ನೆ ಬಿಸಿ ಮಾಡುತ್ತಾ ಹೋಗಬೇಕು. ನಿನ್ನ ಮೊದಲ 20 ನಿಮಿಷ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಮೈಕ್‌ಸೆಟ್ ಮಾಮ, ಬಳ್ಳಾರಿ

ಎಲ್ಲಾ ಸರಿ. ಆ ಮೊದಲ ಸರದಿ ಬಳ್ಳಾರಿಯಲ್ಲಿ ಎಲ್ಲಿದೆ ತೋರಿಸು. ಮೋತಿ ಸರ್ಕಲ್‌ನಲ್ಲಾ?

ಕೋಟೆ ಕೆಳಗಿನವ, ಬಳ್ಳಾರಿ (ಈಗ ಬೆಂಗಳೂರು)

ಅದಕ್ಕೇ ನಾನು ಊರು ಬಿಟ್ಟಿದ್ದು ಮಾಮ. 😄

ಸಿಂಧನೂರು 128

ಒಂಬತ್ತು ವರ್ಷದಿಂದ ಮದುವೆ, ನಾಮಕರಣ, ಕಾಲೇಜ್ ಡೇ ಮಾಡುತ್ತಿದ್ದೇನೆ. ಇಬ್ಬರ ಮಾತೂ ಅರ್ಧ ಸರಿ. ಡೆಮೊ ಒಂದೇ ಇರಬೇಕು ಅಂತ ಯಾರು ಹೇಳಿದರು? ಕೇಳುವವರು ಬೇರೆಯಾದರೆ ಡೆಮೊನೂ ಬೇರೆ. ಟೆಕ್ನೋ ಕೇಳೋರಿಗೆ ಟೆಕ್ನೋ ಕಳಿಸು. ಮದುವೆ ಕೆಲಸಕ್ಕೆ ಮಾತ್ರ 12ರಿಂದ 15 ನಿಮಿಷದ ಬೇರೆ ಮಿಕ್ಸ್ ಮಾಡು.

ಮದುವೆ ಮಾತುಕತೆಯಲ್ಲಿ ಡಿಜೆ ವಿಷಯ ನೋಡಿಕೊಳ್ಳೋದು ಹೆಚ್ಚಾಗಿ ಹುಡುಗನ ಸೋದರಮಾವ, ಇಲ್ಲವೇ ದೊಡ್ಡಪ್ಪನ ಮಗ. ಅವನಿಗಿರೋದು ಒಂದೇ ಭಯ. ಹೆಂಗಸರು ಎದ್ದು ಬರುವಾಗ ಹಾಡು ನಿಂತರೆ? ತೆಲುಗು ಕಡೆ ಬೀಗರು ‘ನಮ್ಮ ಹಾಡೇ ಇಲ್ವಾ’ ಅಂದರೆ? ಆ ಭಯ ಹೋಗುವ ಹಾಗೆ ಮಿಕ್ಸ್ ಮಾಡು. ಸಿಂಧನೂರು, ಮಾನ್ವಿ, ರಾಯಚೂರು ಕಡೆ ಒಂದೇ ಮದುವೆಯಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಬೇಕು. ತಾಂಡಾದಲ್ಲಿ ಮದುವೆ ಅಂದರೆ ಲಂಬಾಣಿ ಹಾಡಿಲ್ಲದೆ ನಿನ್ನನ್ನು ಕೆಳಗಿಳಿಯೋಕೂ ಬಿಡುವುದಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟೋದನ್ನು ಆ 15 ನಿಮಿಷದಲ್ಲಿ ತೋರಿಸು. ಮೊದಲ ಹತ್ತು ಸೆಕೆಂಡಿನಲ್ಲೇ ಎಲ್ಲರಿಗೂ ಗೊತ್ತಿರುವ ಹಾಡಿನ ಸಾಲು ಬರಲಿ.

ಇನ್ನು ನಿನ್ನ ಜಾನಪದ ರೀಮಿಕ್ಸ್. 68ನೇ ನಿಮಿಷದಲ್ಲಿ ಎರಡು ಹಾಡು ಕುದುರೆ ಓಡಿದ ಹಾಗೆ ತಟತಟ ಅನ್ನುತ್ತಿವೆ. ನೀನು ವೇಗ ತಾನೇ ಹೊಂದಿಸೋ ಸಿಂಕ್ ಗುಂಡಿ ಒತ್ತಿ ಸುಮ್ನೆ ಕೂತಿದ್ದೀಯ ಅಲ್ವಾ? ಹಳೆಯ ಜಾನಪದ ರೆಕಾರ್ಡಿಂಗ್‌ಗಳಲ್ಲಿ ಬಾರಿಸಿದವರು ಮನುಷ್ಯರು. ಉತ್ಸಾಹ ಬಂದಾಗ ವೇಗ ಏರುತ್ತದೆ, ಪಲ್ಲವಿಗೆ ಇಳಿಯುತ್ತದೆ. ಸಾಫ್ಟ್‌ವೇರ್ ಸಾಮಾನ್ಯವಾಗಿ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗ ಅಂದುಕೊಂಡು ಪೆಟ್ಟು ಬೀಳೋ ಕಡೆ ಗೆರೆ ಹಾಕುತ್ತದೆ, ಅದೇ ಗ್ರಿಡ್. ಒಂದು ನಿಮಿಷ ಕಳೆಯುವಷ್ಟರಲ್ಲಿ ಗೆರೆ ಒಂದು ಕಡೆ, ಪೆಟ್ಟು ಒಂದು ಕಡೆ. ಗ್ರಿಡ್ ಅನ್ನು ಕೈಯಾರೆ ಅಲ್ಲಲ್ಲಿ ಸರಿಸಬೇಕು. ಇಲ್ಲವೇ ಚೆನ್ನಾಗಿ ಕೂತಿರುವ ಎಂಟು ಬಾರ್ (ತಾಳದ ಎಂಟು ಸುತ್ತು) ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಬರೋ ಹಾಗೆ ಮಾಡಿ, ಅದರ ಮೇಲೆ ಮುಂದಿನ ಹಾಡು ತರಬೇಕು. ನಾನು ಎರಡನೆಯದೇ ಮಾಡೋದು, ಸೋಮಾರಿ.

ವೇಗ ಹೊಂದಲಿಲ್ಲ ಅಂತ ಹಾಡನ್ನು ಎಳೆಯಬೇಡ. ಶ್ರುತಿ ಬದಲಾಗದ ಹಾಗೆ ಹಿಡಿಯೋ ಕೀ ಲಾಕ್ ಇಲ್ಲದೆ ವೇಗ 6% ಏರಿಸಿದರೆ ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತದೆ. ಗಾಯಕಿ ಚಿಕ್ಕ ಹುಡುಗಿ ಆಗಿಬಿಡುತ್ತಾಳೆ. 75 ಬಿಪಿಎಂ ಹಾಡಿನಿಂದ 150ರ ಹಾಡಿಗೆ ಹೋಗೋದು ಸುಲಭ, ಎರಡರಷ್ಟು ಲೆಕ್ಕ. 100ರಿಂದ 128ಕ್ಕೆ ಮಿಕ್ಸ್ ಮಾಡೋಕೆ ಒದ್ದಾಡಬೇಡ. ಹಾಡು ಕತ್ತರಿಸಿ, ‘ಎಲ್ಲಾರೂ ಕೈ ಮೇಲೆ’ ಅಂತ ಮೈಕ್‌ನಲ್ಲಿ ಕೂಗಿ ಹೊಸದು ಬಿಡು. ಕೂಗೋದು ಬರದಿದ್ದರೆ ಅದನ್ನೂ ಕಲಿ. ನಮ್ಮ ಕಡೆ ಡಿಜೆ ಮಾತಾಡದಿದ್ದರೆ ಸಿಟ್ಟಾಗಿದ್ದಾನೆ ಅಂದುಕೊಳ್ಳುತ್ತಾರೆ.

ರಾಯಚೂರಿನ ಅಕ್ಕ

ನಾನು ಡೆಕೊರೇಷನ್, ಅರಿಶಿಣ ಶಾಸ್ತ್ರ, ಬರ್ತ್‌ಡೇ ಮಾಡಿಸುತ್ತೇನೆ. ಸಣ್ಣ ಮಟ್ಟದ ಕೆಲಸ. ಆ 31 ಜನರಲ್ಲಿ ನಾನಿದ್ದೆನೋ ಏನೋ, ಇದ್ದಿದ್ದರೆ ಸಾರಿ ತಮ್ಮ.

ನಿನ್ನಂಥವರ ಮೆಸೇಜ್ ನಾನು ಯಾವಾಗ ನೋಡುತ್ತೇನೆ ಗೊತ್ತಾ? ರಾತ್ರಿ ಹತ್ತೂವರೆಗೆ, ರೊಟ್ಟಿ ತಟ್ಟಿ ಮುಗಿಸಿ, ಒಲೆ ಕಟ್ಟೆ ಒರೆಸುತ್ತಾ. ಫೋನ್ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇನೆ. ಹೆಡ್‌ಫೋನ್ ಇಲ್ಲ. ಫೋನ್ ಸ್ಪೀಕರ್‌ನಲ್ಲಿ ನಿನ್ನ ಬೇಸ್ ಎಲ್ಲಿ ಕೇಳಬೇಕು? ಬರೀ ‘ಚಿಕ್ ಚಿಕ್’ ಅಂತ ಕೇಳಿಸುತ್ತದೆ. ಹಾಡು, ಹಲಗೆ, ಚಪ್ಪಾಳೆ, ಶಹನಾಯಿ, ಇಂಥವು ಇದ್ದರೆ ಕಿವಿ ಹಿಡಿಯುತ್ತದೆ. ಮಿಕ್ಸ್ ಮುಗಿದ ಮೇಲೆ ನಿನ್ನದೇ ಫೋನ್‌ನಲ್ಲಿ, ಫ್ಯಾನ್ ಹಾಕಿ, ಅಡುಗೆಮನೆಯಲ್ಲಿಟ್ಟು ಕೇಳಿ ನೋಡು. ಅಜ್ಜಿಯನ್ನೂ ಕೇಳು.

ಲಿಂಕ್ ಒತ್ತಿದರೆ ಆ್ಯಪ್ ಹಾಕಿಕೊಳ್ಳಿ ಅನ್ನುತ್ತದೆ, ಲಾಗಿನ್ ಆಗಿ ಅನ್ನುತ್ತದೆ. ಅಷ್ಟೊತ್ತಿಗೆ ನಾನು ಮಲಗಿರುತ್ತೇನೆ. ವಾಟ್ಸಾಪ್‌ನಲ್ಲೇ ಒಂದು ನಿಮಿಷದ ವಿಡಿಯೊ ಕಳಿಸು. ಜನ ಕುಣಿಯುತ್ತಿರುವುದು ಕಾಣಬೇಕು, ಐದು ಜನ ಆದರೂ ಸಾಕು. ನಿನ್ನ ಬೆರಳು, ಗುಂಡಿ, ಬಣ್ಣದ ದೀಪ ತೋರಿಸಿದರೆ ನನಗೇನು ತಿಳಿಯುತ್ತದೆ? ಪೂರ್ತಿ ಮಿಕ್ಸ್ ಆಮೇಲೆ ಡಾಕ್ಯುಮೆಂಟ್ ಮಾಡಿ ಕಳಿಸು, ಇದ್ದ ಗುಣಮಟ್ಟದಲ್ಲೇ ಬರುತ್ತದೆ.

ಮೆಸೇಜ್‌ನಲ್ಲಿ ‘ಡಿಯರ್ ಸರ್’ ಅಂತ ಮಾತ್ರ ಬರೆಯಬೇಡ. ನನಗೆ ಅದೇ ಬರುತ್ತದೆ ದಿನಾ. ‘ಅಕ್ಕಾ, ನಾನು ಭಾಗ್ಯನಗರದವನು, ಅರಿಶಿಣ ಶಾಸ್ತ್ರಕ್ಕೆ ಮೂರು ತಾಸು ಹಾಡು ಹಾಕುತ್ತೇನೆ, ಕಂಟ್ರೋಲರ್ ಲ್ಯಾಪ್‌ಟಾಪ್ ನನ್ನದು, ಬಾಕ್ಸ್ ನಿಮ್ಮದು, ರೇಟ್ ಇಷ್ಟು’. ಇಷ್ಟು ಬರೆದರೆ ಮುಗಿಯಿತು. ರೇಟ್ ಬರೆಯೋಕೆ ಹುಡುಗರಿಗೆ ನಾಚಿಕೆ ಯಾಕೋ ಕಾಣೆ.

ಇನ್ನೊಂದು. ನಮ್ಮ ಕಡೆ ಹೆಂಗಸರ ಕಾರ್ಯಕ್ರಮ ಜಾಸ್ತಿ. ಕುಡಿದು ಬಂದು ಹಾಡು ಹಾಕುವವನನ್ನು ನಾನು ಒಮ್ಮೆ ಕರೆಸಿ ಅನುಭವಿಸಿದ್ದೇನೆ. ಅಂದಿನಿಂದ ಮಿಕ್ಸ್‌ಗಿಂತ ಮೊದಲು ಯಾರ ಕಡೆಯವನು ಅಂತ ಕೇಳುತ್ತೇನೆ.

ರಾತ್ರಿಪಾಳಿ, ತೋರಣಗಲ್ಲು

ನಾನು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವನು. ಡಿಜೆ ಸದ್ದಿಗೆ ಕಿಟಕಿ ಗಾಜು ನಡುಗುತ್ತದೆ. ಪಕ್ಕದ ಮನೆಯಲ್ಲಿ ಪಾರ್ಶ್ವವಾಯು ಆದ ಹಿರಿಯರಿದ್ದಾರೆ. ಹೊಸ ಡಿಜೆ ತಯಾರಾಗುತ್ತಿದ್ದಾನೆ ಅಂತ ಎಲ್ಲರೂ ಖುಷಿಪಡುತ್ತಿದ್ದೀರಿ. ನಮಗೆ ಹೇಗೆ ಖುಷಿ ಆಗಬೇಕು?

ಮೈಕ್‌ಸೆಟ್ ಮಾಮ, ಬಳ್ಳಾರಿ

ಅಣ್ಣಾ, ಸಿಟ್ಟು ನ್ಯಾಯವೇ. ಎಲ್ಲಾ ನಮ್ಮವರ ತಪ್ಪು ಅಲ್ಲ, ಆದರೆ ನಮ್ಮವರ ತಪ್ಪೂ ಇದೆ. ಬಾಕ್ಸ್ ಲೆಕ್ಕದ ಮೇಲೆ ಮರ್ಯಾದೆ ಅಂತ ಮಾಡಿಟ್ಟಿದ್ದೇ ನಾವು.

ತಮ್ಮಾ, ನೀನು ಇದನ್ನು ಓದಿಕೋ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಬೇರೆ ಹೊತ್ತಿನಲ್ಲೂ ಅನುಮತಿ ಬೇಕು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಗಣೇಶನ ಹಬ್ಬ ಬಂತು ಅಂದರೆ ಡಿಜೆ ನಿಷೇಧದ ಮಾತು ಬಂದೇ ಬರುತ್ತದೆ. ಸಾಮಾನು ಜಪ್ತಿ ಆದರೆ ಬಿಡಿಸಿಕೊಳ್ಳೋಕೆ ತಿರುಗೋದು ನಾನು, ಮೆರವಣಿಗೆಯಲ್ಲಿ ಕುಣಿದವರು ಬರೋದಿಲ್ಲ.

ಕೋಟೆ ಕೆಳಗಿನವ, ಬಳ್ಳಾರಿ (ಈಗ ಬೆಂಗಳೂರು)

ಹಾಡಿನ ಲೈಸೆನ್ಸ್ ವಿಷಯವೂ ಸೇರಿಸುತ್ತೇನೆ, ಜನ ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಕಾರ್ಯಕ್ರಮ ಅದರೊಳಗೇ ಬರುತ್ತವೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನು ಮತ್ತೆ ಸ್ಪಷ್ಟ ಮಾಡಿದೆ. ಹೋಟೆಲ್‌ನವರು ಟಿಕೆಟ್ ಇಟ್ಟು ಮಾಡುವ ಹೊಸ ವರ್ಷದ ಪಾರ್ಟಿ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಲೈಸೆನ್ಸ್ ಬೇಕು. ಯಾರು ತೆಗೆದುಕೊಳ್ಳುತ್ತಾರೆ ಅಂತ ಅಡ್ವಾನ್ಸ್ ಮಾತಾಡುವಾಗಲೇ ಕೇಳಿಬಿಡು.

ಆನೆಗೊಂದಿ ಬಂಡೆ

ಇಲ್ಲಿ ಹೋಮ್‌ಸ್ಟೇ ನಡೆಸುತ್ತೇನೆ. ಹಂಪಿ ಎದುರು ಹೊಳೆ ಆಚೆಯ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟ್ ಇದ್ದ ಕಾಲದಿಂದ ಪ್ರವಾಸಿಗರನ್ನು ನೋಡಿದ್ದೇನೆ. ಆ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಿದರು. ಆ ಕಾಲ ಮುಗಿಯಿತು. ಈಗ ನಮ್ಮಲ್ಲಿಗೆ ಬರುವವರಿಗೆ ಕುಣಿತ ಬೇಡ. ಸಂಜೆ ಬಂಡೆ ಮೇಲೆ ಸೂರ್ಯ ಮುಳುಗೋದು ನೋಡಿ ಬರುತ್ತಾರೆ, ಊಟಕ್ಕೆ ಕೂರುತ್ತಾರೆ, ಸಣ್ಣಗೆ ಏನಾದರೂ ಕೇಳುತ್ತಿರಬೇಕು.

ತಮ್ಮನ ಮಿಕ್ಸ್‌ನ ಮೊದಲ 20 ನಿಮಿಷ ನಿನ್ನೆ ಊಟದ ಹೊತ್ತಿಗೆ ಹಾಕಿದೆ. ಒಬ್ಬರು ಇದು ಯಾರದು ಅಂತ ಕೇಳಿದರು. ಅದರಲ್ಲಿ ಎಲ್ಲೂ ನಿನ್ನ ಹೆಸರಿಲ್ಲ! ಫೈಲ್ ಹೆಸರು ‘ಫೈನಲ್ ಮಿಕ್ಸ್ ಹೊಸದು 3’ ಅಂತ ಇದೆ. ಹೆಸರು, ಊರು, ಫೋನ್ ನಂಬರ್ ಫೈಲ್ ಹೆಸರಿನಲ್ಲೇ ಹಾಕು ಮಾರಾಯಾ.

22ನೇ ನಿಮಿಷಕ್ಕೆ ಬಂದ್ ಮಾಡಿದೆ. ಆಮೇಲಿನದು ಊಟ ಇಳಿಯೋಕೆ ಬಿಡುವುದಿಲ್ಲ.

ಭಾಗ್ಯನಗರದ ಹುಡುಗ

(ಮೂರು ವಾರದ ನಂತರ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು.)

74 ನಿಮಿಷದ್ದನ್ನು ತೆಗೆದುಹಾಕಿದೆ. ಮನಸ್ಸಿಗೆ ಸ್ವಲ್ಪ ಕಷ್ಟ ಆಯಿತು, ಅದಕ್ಕೆ ನಾಲ್ಕು ತಿಂಗಳು ಹಿಡಿದಿತ್ತು. ಈಗ ಎರಡು ಮಾಡಿದ್ದೇನೆ. ಮೊದಲನೆಯದು 14 ನಿಮಿಷದ್ದು: ಕನ್ನಡ, ತೆಲುಗು, ಮತ್ತೆ ಕನ್ನಡ, ಹಿಂದಿ, ಕೊನೆಗೆ ಜಾನಪದ. ಸಿಂಧನೂರು ಅಣ್ಣ ಹೇಳಿದಂತೆ ಎಂಟು ಬಾರ್ ಲೂಪ್ ಮಾಡಿದೆ, ಕುದುರೆ ಓಟ ನಿಂತಿದೆ. ಇನ್ನೊಂದು 40 ನಿಮಿಷದ್ದು, ಬರೀ ನಿಧಾನದ ಹೌಸ್. ಅದು ಮಿಕ್ಸ್‌ಕ್ಲೌಡ್‌ನಲ್ಲಿದೆ. ಆನೆಗೊಂದಿ ಅಣ್ಣನಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಬಂದೆ.

ಅಡುಗೆಮನೆ ಪರೀಕ್ಷೆ ಮಾಡಿದೆ ಅಕ್ಕಾ. ಮೊದಲ ಸಲ ಅಜ್ಜಿ ‘ಮಿಕ್ಸಿ ಕೆಟ್ಟಿದೆ’ ಅಂದಳು. ಎರಡನೇ ಸಲ ಹಲಗೆ ಬರುವ ಕಡೆ ತಲೆ ಆಡಿಸಿದಳು. ಅಲ್ಲೇ ಕತ್ತರಿಸಿ ಒಂದು ನಿಮಿಷದ ವಿಡಿಯೊ ಮಾಡಿದೆ. ಕುಣಿಯೋಕೆ ಜನ ಇರಲಿಲ್ಲ. ಅತ್ತೆ ಮಗನ ಹುಟ್ಟುಹಬ್ಬಕ್ಕೆ ಓಣಿಯ ಹುಡುಗರನ್ನು ಸೇರಿಸಿದೆ. ಏಳು ಜನ, ಒಂದು ನಾಯಿ.

ಈ ಸಲ 31 ಜನಕ್ಕೆ ಕಳಿಸಲಿಲ್ಲ. ಆರು ಜನಕ್ಕೆ ಅವರವರ ಹೆಸರು ಹಿಡಿದು ಬರೆದೆ, ರೇಟ್ ಹಾಕಿದೆ. ನಾಲ್ವರು ಫೋನ್ ಮಾಡಿದರು. ಒಬ್ಬರು ಪುಕ್ಕಟೆ ಬಾ, ಹೆಸರು ಬರುತ್ತದೆ ಅಂದರು. ಬರಲ್ಲ ಅಂದೆ.

ಹೋದ ಭಾನುವಾರ ರೈಲು ಹತ್ತಿ ಬಳ್ಳಾರಿಗೆ ಮಾಮನ ಅಂಗಡಿಗೆ ಹೋದೆ. ಮಿಕ್ಸ್ ಕೇಳಿಸಬೇಕು ಅಂತ ಪೆನ್‌ಡ್ರೈವ್ ಹಿಡಿದುಕೊಂಡಿದ್ದೆ. ಮಾಮ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಕೈಗೆ 30 ಮೀಟರ್ ಕೇಬಲ್ ಕೊಟ್ಟು ಸುತ್ತು ಅಂದರು. ಮೊಣಕೈಗೆ ಸುತ್ತಿದೆ. ಬೈಸಿಕೊಂಡೆ. ಒಳಗಿನ ತಂತಿ ತಿರುಚಿ ತುಂಡಾಗುತ್ತದಂತೆ. ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕೋದು ಕಲಿಯೋಕೆ ಮಧ್ಯಾಹ್ನ ಆಯಿತು. ಸಂಜೆ ಅವರೇ ಒಂದು ಅರಿಶಿಣ ಶಾಸ್ತ್ರಕ್ಕೆ ಕರೆದುಕೊಂಡು ಹೋದರು. ಜನ ಊಟಕ್ಕೆ ಎದ್ದಾಗ 40 ನಿಮಿಷ ನನಗೆ ಬಿಟ್ಟರು.

ಶಾಮಿಯಾನದ ಕೆಳಗೂ ಆ ಬಿಸಿ! ಹತ್ತು ನಿಮಿಷಕ್ಕೆ ಲ್ಯಾಪ್‌ಟಾಪ್ ಕಾದು ಹಾಡು ತೊದಲೋಕೆ ಶುರುವಾಯಿತು. ಮಾಮನ ಹುಡುಗ ಬಾಳೆ ಎಲೆ ತಂದು ಗಾಳಿ ಬೀಸಿದ. ಜನರೇಟರ್‌ಗೆ ಬದಲಿಸಿದಾಗ ಒಂದು ಸಲ ಎಲ್ಲಾ ಬಂದ್. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ಬಾಕ್ಸ್ ನಡೆಸೋ ಆ್ಯಂಪ್‌ಗೆ ಇರಲಿಲ್ಲ. ಮೈಕ್ ಕೂಡ ಸತ್ತಿತ್ತು, ಹಾಗಾಗಿ ಕೂಗೋದೂ ಉಪಯೋಗಕ್ಕೆ ಬರಲಿಲ್ಲ. ಆದರೆ ತೆಲುಗು ಹಾಡಿಗೆ ಮೂವರು ಹೆಂಗಸರು ಎಲೆ ಬಿಟ್ಟು ಎದ್ದು ಬಂದರು, ಕೈಯಲ್ಲಿ ಇನ್ನೂ ಅನ್ನ ಇತ್ತು.

1,200 ರೂಪಾಯಿ ಕೊಟ್ಟರು. ಪೆನ್‌ಡ್ರೈವ್ ಇನ್ನೂ ಮಾಮನ ಜೇಬಲ್ಲೇ ಇದೆ. ಕೇಳಿದ್ರಾ ಮಾಮ?

ಮೈಕ್‌ಸೆಟ್ ಮಾಮ, ಬಳ್ಳಾರಿ

ಅಂಗಿ ಒಗೆಯೋಕೆ ಹಾಕಿದ್ದರು, ಪೆನ್‌ಡ್ರೈವ್ ಸಮೇತ. ಇನ್ನೊಂದು ತಗೊಂಡು ಬಾ. ಗುರುವಾರ ಸಿರುಗುಪ್ಪದಲ್ಲಿ ಕೆಲಸ ಇದೆ, ನಾಲ್ಕಕ್ಕೆ ಗಾಡಿ ಹೊರಡುತ್ತದೆ. ಟೇಬಲ್ ಫ್ಯಾನ್ ನಿಂದು.